ಟೊ ಕಲಾನ್: ಮಣ್ಣು ಹಲವರದ್ದು, ಹೆಸರು ಒಬ್ಬರದ್ದು

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಓಕ್‌ವಿಲ್ ಅಂತ ಒಂದು ಪುಟ್ಟ ಊರು. ಅಲ್ಲಿ ಹೈವೇ 29ರ ಪಶ್ಚಿಮಕ್ಕೆ, ಮಾಯಾಕಾಮಸ್ ಬೆಟ್ಟಸಾಲಿನ ಬುಡದವರೆಗೆ ಹರಡಿಕೊಂಡಿರುವ ದ್ರಾಕ್ಷಿ ತೋಟಕ್ಕೆ ಟೊ ಕಲಾನ್ ಎಂದು ಹೆಸರು. ಕ್ಯಾಬರ್ನೆ ಸಾವಿನ್ಯೋನ್ ಎಂಬ ಕೆಂಪು ವೈನ್ ದ್ರಾಕ್ಷಿ ತಳಿ ಇದೆ; ಅದರಿಂದ ಮಾಡಿದ ಅಮೆರಿಕದ ವೈನ್ ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ಹೆಸರು ಇಲ್ಲ ಅಂದರೂ ತಪ್ಪಿಲ್ಲ. ಈ ಮಣ್ಣು ಇವತ್ತು ಐದಾರು ಒಡೆಯರ ಕೈಯಲ್ಲಿದೆ. ಆದರೆ ಬಾಟಲಿ ಮೇಲೆ ಆ ಹೆಸರು ಬರೆಯುವ ಹಕ್ಕು ಎಲ್ಲರಿಗೂ ಇಲ್ಲ. ಹೆಸರು ಟ್ರೇಡ್‌ಮಾರ್ಕ್ ಆಗಿ ಒಂದು ಕಂಪನಿಯ ಆಸ್ತಿಯಾಗಿದೆ. ಒಪ್ಪಂದ ಮಾಡಿಕೊಂಡ ಇನ್ನೊಬ್ಬ ರೈತನ ಕಡೆಯವರು ಅದನ್ನು ಬಳಸಬಹುದು. ಉಳಿದವರು ಅದೇ ತೋಟದ ಹಣ್ಣು ಹಿಂಡಿದರೂ ಬಾಯಿ ಮುಚ್ಚಿಕೊಂಡಿರಬೇಕು.

ಒಂದು ಜಾಗದ ಹೆಸರು ಒಬ್ಬರ ಸ್ವತ್ತಾಗಬಹುದೇ? ನನ್ನ ಮಟ್ಟಿಗೆ ಆಗಬಾರದು. ಆದರೆ ಇದು ಹೇಗಾಯಿತು ಅನ್ನುವುದನ್ನು ಮೊದಲಿಂದ ನೋಡಿದರೆ, ಕಂಪನಿಯ ಕಡೆಗೂ ಒಂದಷ್ಟು ನ್ಯಾಯ ಇದೆ ಎಂಬುದು ಗೊತ್ತಾಗುತ್ತದೆ. ಅದನ್ನು ಬಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ.

ಹ್ಯಾಮಿಲ್ಟನ್ ವಾಕರ್ ಕ್ರ್ಯಾಬ್ ಎಂಬಾತ ಒಹಾಯೊ ಕಡೆಯಿಂದ ಬಂದವನು. 1868ರಲ್ಲಿ ಓಕ್‌ವಿಲ್‌ನಲ್ಲಿ 240 ಎಕರೆ ಕೊಂಡ. ಮೊದಲು ತೋಟಕ್ಕೆ ಹರ್ಮೋಸಾ ಎಂದು ಕರೆದ. 1880ರ ದಶಕದಲ್ಲಿ ಹೆಸರು ಬದಲಾಯಿಸಿ ಟೊ ಕಲಾನ್ ಎಂದಿಟ್ಟ. ಪರಮ ಸುಂದರ, ಪರಮ ಶ್ರೇಷ್ಠ ಎಂಬ ಅರ್ಥದ ಗ್ರೀಕ್ ಮಾತು ಅದು. ಆಮೇಲೆ ಅಕ್ಕಪಕ್ಕದ ಜಮೀನು ಎರಡು ಸಲ ಕೊಂಡು ಸೇರಿಸಿದ. ಕೊನೆಗೆ ಅವನ ಹಿಡುವಳಿ 500 ಎಕರೆ ದಾಟಿತ್ತು. ಕ್ರ್ಯಾಬ್‌ಗೆ ದ್ರಾಕ್ಷಿ ಅಂದರೆ ಹುಚ್ಚು. ನೂರಾರು ತಳಿ ತರಿಸಿ ನೆಟ್ಟು ನೋಡಿದ. ಆಗ ಅವನಿಗೆ ಹೆಸರು ತಂದದ್ದು ಕ್ಯಾಬರ್ನೆ ಅಲ್ಲ, ಬ್ಲ್ಯಾಕ್ ಬರ್ಗಂಡಿ ಎಂದು ಮಾರುತ್ತಿದ್ದ ಬೇರೆ ಕೆಂಪು ವೈನ್. ಇವತ್ತು ಸಂಗ್ರಾಹಕರು ಯಾವ ರುಚಿಗಾಗಿ ದುಡ್ಡು ಸುರಿಯುತ್ತಾರೋ, ಆ ರುಚಿ ಕ್ರ್ಯಾಬ್‌ನ ಕಾಲದಿಂದ ಬಂದದ್ದಲ್ಲ. ಬಂದದ್ದು ಹೆಸರು ಮತ್ತು ನೆಲ. ಬೆಟ್ಟದಿಂದ ಹಳ್ಳಗಳು ಹೊತ್ತು ತಂದ ಜಲ್ಲಿ ಬೆರೆತ ಮಣ್ಣು, ನೀರು ನಿಲ್ಲದ ಇಳಿಜಾರು. ಕ್ಯಾಬರ್ನೆಗೆ ಬೇಕಾದ್ದು ಇದೇ.

1899ರಲ್ಲಿ ಕ್ರ್ಯಾಬ್ ತೀರಿಕೊಂಡ. ತೋಟ ಚರ್ಚಿಲ್ ಕುಟುಂಬಕ್ಕೆ ಹೋಯಿತು. ಅಲ್ಲಿಂದ ಹಿಸ್ಸೆ ಆಗುತ್ತಾ ಬಂತು. 1903ರಲ್ಲಿ ಒಂದು ತುಂಡು ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ಪ್ರಯೋಗಕ್ಕೆ ಹೋಯಿತು. ಈಗ ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಕೈಯಲ್ಲಿದೆ. 1940ರಲ್ಲಿ ಬೋಲ್ಯೂ ವೈನರಿ ಒಂದು ಭಾಗ ಕೊಂಡಿತು. 1943ರಲ್ಲಿ ಮಾರ್ಟಿನ್ ಸ್ಟೆಲ್ಲಿಂಗ್ ಎಂಬಾತ ದೊಡ್ಡ ಭಾಗ ಕೊಂಡು, ಬೆಟ್ಟದ ಕಡೆ ಇನ್ನಷ್ಟು ಜಮೀನು ಸೇರಿಸಿಕೊಂಡ. ಈ ಸೇರ್ಪಡೆ ಮುಂದಿನ ಜಗಳಕ್ಕೆ ಒಂದು ಬೀಜ. ಕ್ರ್ಯಾಬ್ ಯಾವತ್ತೂ ಕಾಲಿಡದ ನೆಲವೂ ಟೊ ಕಲಾನ್ ಅನ್ನಿಸಿಕೊಳ್ಳಬಹುದೇ? ಸ್ಟೆಲ್ಲಿಂಗ್ 1950ರಲ್ಲಿ ತೀರಿಕೊಂಡ ಮೇಲೆ ಆ ಜಮೀನೂ ಒಡೆಯಿತು. ಮ್ಯಾಕ್‌ಡೊನಾಲ್ಡ್ ಮತ್ತು ಡೆಟರ್ಟ್ ಎಂಬ ಎರಡು ನೆಂಟರ ಕುಟುಂಬಗಳಿಗೂ ಒಂದೊಂದು ಪಾಲು ಬಂತು. 1966ರಲ್ಲಿ ರಾಬರ್ಟ್ ಮೊಂಡಾವಿ ಇಲ್ಲೇ ವೈನರಿ ಕಟ್ಟಿದ, ಮುಂದೆ ತೋಟದ ದೊಡ್ಡ ಪಾಲನ್ನು ಕೊಂಡ.

ಇಲ್ಲಿ ಮೊಂಡಾವಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಮದ್ಯ ನಿಷೇಧದ ವರ್ಷಗಳಲ್ಲಿ ನಾಪಾ ವೈನ್ ನೆಲಕಚ್ಚಿತ್ತು. ಟೊ ಕಲಾನ್ ಎಂಬ ಹೆಸರು ಮಾರುಕಟ್ಟೆಯಲ್ಲಿ ಹೆಚ್ಚುಕಮ್ಮಿ ಸತ್ತುಹೋಗಿತ್ತು. ಅದಕ್ಕೆ ಮತ್ತೆ ಜೀವ ಕೊಟ್ಟವನು ಮೊಂಡಾವಿ. ಇಲ್ಲಿಯ ಕ್ಯಾಬರ್ನೆಯಿಂದ ತನ್ನ ರಿಸರ್ವ್ ವೈನ್ ಮಾಡಿದ. ಫ್ರಾನ್ಸಿನ ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್ ಜೊತೆ ಕೈಜೋಡಿಸಿ ಓಪಸ್ ಒನ್ ಎಂಬ ವೈನರಿ ಶುರುಮಾಡಿದಾಗ ಇದೇ ತೋಟದ ಒಳ್ಳೆಯ ತಾಕುಗಳನ್ನು ಅದಕ್ಕೆ ಬಿಟ್ಟುಕೊಟ್ಟ. ಓಪಸ್ ಒನ್‌ನ ಮೊದಲ ವರ್ಷದ ವೈನ್ 1979ರದ್ದು. ಇನ್ನೂ ಮಾರುಕಟ್ಟೆಗೆ ಬರುವ ಮೊದಲೇ, 1981ರ ನಾಪಾ ಹರಾಜಿನಲ್ಲಿ ಅದರ ಒಂದು ಕೇಸ್, ಅಂದರೆ 12 ಬಾಟಲಿ, 24,000 ಡಾಲರಿಗೆ ಹೋಯಿತು. ಆವರೆಗೆ ಕ್ಯಾಲಿಫೋರ್ನಿಯಾ ವೈನ್‌ಗೆ ಅಂಥ ಬೆಲೆ ಕೇಳಿದವರಿರಲಿಲ್ಲ.

ಹೆಸರಿಗೆ ಬೆಲೆ ಬಂತು ಅಂದಮೇಲೆ ಬೇಲಿ ಹಾಕುವ ಯೋಚನೆಯೂ ಬರುತ್ತದೆ. 1980ರ ದಶಕದ ಕೊನೆಗೆ ಮೊಂಡಾವಿ ವೈನರಿ ಟೊ ಕಲಾನ್ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿತು. ಕೆಲವು ವರ್ಷಗಳ ಮೇಲೆ ‘ಟೊ ಕಲಾನ್ ವಿನ್ಯಾರ್ಡ್’, ಅಂದರೆ ಟೊ ಕಲಾನ್ ದ್ರಾಕ್ಷಿ ತೋಟ, ಎಂಬುದನ್ನೂ ನೋಂದಣಿ ಮಾಡಿಸಿತು. ಬರೀ ಊರಿನ ಅಥವಾ ಜಾಗದ ಹೆಸರನ್ನು ಅಮೆರಿಕದಲ್ಲೂ ಸುಲಭವಾಗಿ ಟ್ರೇಡ್‌ಮಾರ್ಕ್ ಮಾಡಲು ಬಿಡುವುದಿಲ್ಲ. ಆದರೆ ಕೇಳುವವರು ಇರಬೇಕಲ್ಲ? ನೋಂದಣಿ ಕಚೇರಿಯ ಗುಮಾಸ್ತನಿಗೆ ಅದು ಒಂದು ಗ್ರೀಕ್ ಮಾತು. ಓಕ್‌ವಿಲ್‌ನ ಹಳೆಯ ಪತ್ರಗಳನ್ನು ತೆಗೆದು, ಇದು ನೂರು ವರ್ಷದಿಂದ ಒಂದು ತೋಟದ ಹೆಸರು ಎಂದು ಆಗ ಯಾರೂ ಎದುರು ನಿಂತು ಹೇಳಲಿಲ್ಲ.

ಹೇಳುವವರು ಬಂದದ್ದು ಆಮೇಲೆ. ಆ್ಯಂಡಿ ಬೆಕ್‌ಸ್ಟಾಫರ್ ವೈನ್ ಮಾಡುವವನಲ್ಲ, ದ್ರಾಕ್ಷಿ ಬೆಳೆದು ಮಾರುವವನು. 1993ರಲ್ಲಿ ಬೋಲ್ಯೂ ವೈನರಿಯಿಂದ 89 ಎಕರೆ ಕೊಂಡ. ಆಗ ನಾಪಾದ ತೋಟಗಳಿಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಬಿದ್ದಿತ್ತು. ಹಳೆ ಬಳ್ಳಿ ಕಿತ್ತು, ಕ್ಯಾಬರ್ನೆಯನ್ನು ಹೊಸದಾಗಿ ನೆಟ್ಟ. ಹಣ್ಣನ್ನು ಬೇರೆ ಬೇರೆ ಸಣ್ಣ ವೈನರಿಗಳಿಗೆ ಮಾರತೊಡಗಿದ. ಅವರಲ್ಲಿ ಶ್ರೇಡರ್ ಸೆಲ್ಲರ್ಸ್ ಒಬ್ಬರು. ಶ್ರೇಡರ್ ತನ್ನ ಬಾಟಲಿ ಮೇಲೆ ಹಣ್ಣು ಬಂದ ತೋಟದ ಹೆಸರು ಹಾಕಿದ. 2002ರಲ್ಲಿ ಜಗಳ ಕೋರ್ಟಿಗೆ ಹೋಯಿತು. ಟ್ರೇಡ್‌ಮಾರ್ಕ್ ನಮ್ಮದು ಅಂತ ಮೊಂಡಾವಿ ಕಡೆಯವರು. ಇದು ಊರಿಗೇ ಗೊತ್ತಿರುವ ತೋಟದ ಹೆಸರು, ಅದನ್ನು ಮುಚ್ಚಿಟ್ಟು ನೋಂದಣಿ ಮಾಡಿಸಿದ್ದೀರಿ ಅಂತ ಬೆಕ್‌ಸ್ಟಾಫರ್ ಕಡೆಯವರು. ಜೊತೆಗೆ ಇನ್ನೊಂದು ಮಾತೂ ಬಂತು: ನಿಮ್ಮ ಜಮೀನಿನಲ್ಲಿ ಸ್ವಲ್ಪ ಭಾಗ ಕ್ರ್ಯಾಬ್‌ನದ್ದೇ ಅಲ್ಲ.

ಆ ಪ್ರಶ್ನೆಗಳಿಗೆ ತೀರ್ಪು ಬಂದಿದ್ದರೆ ಇವತ್ತು ಈ ಲೇಖನದ ಅಗತ್ಯ ಇರುತ್ತಿರಲಿಲ್ಲ. ಬರಲಿಲ್ಲ. ಇಬ್ಬರೂ ರಾಜಿಯಾದರು. ಬೆಕ್‌ಸ್ಟಾಫರ್ ಮತ್ತು ಅವನಿಂದ ಹಣ್ಣು ಕೊಳ್ಳುವವರು ‘ಬೆಕ್‌ಸ್ಟಾಫರ್ ಟೊ ಕಲಾನ್’ ಎಂದು ಬರೆಯಬಹುದು ಅಂತ ಆಯಿತು. ಇಬ್ಬರಿಗೂ ಅನುಕೂಲವಾಯಿತು. ಮೂರನೆಯವರಿಗೆ ಬಾಗಿಲು ಮುಚ್ಚಿತು. ರಾಜಿಯ ಕೆಟ್ಟ ಗುಣವೇ ಇದು. ಬಲ ಇರುವ ಇಬ್ಬರು ಹಂಚಿಕೊಂಡು ಎದ್ದು ಹೋಗುತ್ತಾರೆ, ಮೂಲ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಆಮೇಲೆ ಬೆಲೆ ಏರಿದ ರೀತಿ ನೋಡಿ. ಶ್ರೇಡರ್‌ನ ಬೆಕ್‌ಸ್ಟಾಫರ್ ಟೊ ಕಲಾನ್ ವೈನ್‌ಗಳಿಗೆ ವಿಮರ್ಶಕರು ಮತ್ತೆ ಮತ್ತೆ 100ಕ್ಕೆ 100 ಕೊಟ್ಟರು. ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲ. ವೈನರಿಯ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಸರದಿ ಬಂದಾಗ ಅವರು ಕೊಟ್ಟಷ್ಟು ಬಾಟಲಿ ಕೊಳ್ಳಬೇಕು. ಒಂದು ವರ್ಷ ಬೇಡ ಅಂದರೆ ಸರದಿ ತಪ್ಪುವ ಭಯ. ಬೆಕ್‌ಸ್ಟಾಫರ್ ಹಣ್ಣಿಗೆ ಬೆಲೆ ಕಟ್ಟುವ ಕ್ರಮವೂ ಹೆಸರಾಯಿತು. ವೈನರಿ ಒಂದು ಬಾಟಲಿಯನ್ನು ಎಷ್ಟಕ್ಕೆ ಮಾರುತ್ತದೋ ಅದರ 100 ಪಟ್ಟು ಒಂದು ಟನ್ ಹಣ್ಣಿನ ಬೆಲೆ. ಬಾಟಲಿ 100 ಡಾಲರ್ ಆದರೆ ಟನ್ನಿಗೆ 10,000 ಡಾಲರ್. ಒಂದು ಟನ್ ಹಣ್ಣಿನಿಂದ ಸುಮಾರು 700 ಬಾಟಲಿ ಬರುತ್ತದೆ. ಹಾಗಾಗಿ 100 ಡಾಲರಿನ ಬಾಟಲಿಯಲ್ಲಿ ಹಣ್ಣಿನ ಪಾಲು 14 ಡಾಲರ್ ಆಸುಪಾಸು. 2019ರ ಸುಮಾರಿಗೆ ಇಡೀ ನಾಪಾದ ಕ್ಯಾಬರ್ನೆಯ ಸರಾಸರಿ ಟನ್ನಿಗೆ 8,000 ಡಾಲರ್ ಹತ್ತಿರ ಇತ್ತು. ಟೊ ಕಲಾನ್ ಹಣ್ಣಿನ ಬೆಲೆ ಅದರ ಎಷ್ಟೋ ಪಟ್ಟು ಮೇಲೆ. ಬೆಳೆಗಾರನಿಗೂ ಹೆಸರಿನ ಲಾಭದಲ್ಲಿ ಪಾಲು ಸಿಗಬೇಕು ಎಂಬ ಈ ಲೆಕ್ಕ ನನಗೆ ತುಂಬ ಇಷ್ಟ. ನಮ್ಮಲ್ಲಿ ಯಾವ ಬೆಳೆಗೆ ಯಾವ ರೈತನಿಗೆ ಹೀಗೆ ಸಿಗುತ್ತದೆ ಹೇಳಿ? ಆದರೆ ಇದು ನಡೆಯುವುದು ಹೆಸರು ಬಳಸುವ ಹಕ್ಕು ಇದ್ದಾಗ ಮಾತ್ರ ಅಲ್ವಾ?

ಆ ಹಕ್ಕು ಇಲ್ಲದವರ ಪಾಡು ನೋಡೋಣ. ಮ್ಯಾಕ್‌ಡೊನಾಲ್ಡ್ ಕುಟುಂಬದ ಜಮೀನು ಕ್ರ್ಯಾಬ್‌ನ ಮೂಲ ಹಿಡುವಳಿಯೊಳಗೇ ಬರುತ್ತದೆ. ದಶಕಗಳ ಕಾಲ ಅವರ ಹಣ್ಣು ಮೊಂಡಾವಿ ವೈನರಿಗೆ ಹೋಗುತ್ತಿತ್ತು. 2010ರಿಂದ ಈ ತಲೆಮಾರಿನ ಅಣ್ಣತಮ್ಮಂದಿರು ಸ್ವಲ್ಪ ಹಣ್ಣು ಉಳಿಸಿಕೊಂಡು ತಮ್ಮದೇ ಕ್ಯಾಬರ್ನೆ ಮಾಡುತ್ತಿದ್ದಾರೆ. ಸಂಗ್ರಾಹಕರು ಅದಕ್ಕೂ ಮುಗಿಬೀಳುತ್ತಾರೆ. ಅಣ್ಣತಮ್ಮಂದಿರಲ್ಲಿ ಒಬ್ಬರಾದ ಗ್ರೇಮ್ ಮ್ಯಾಕ್‌ಡೊನಾಲ್ಡ್ ಹಳೆಯ ನಕ್ಷೆ, ಕ್ರಯಪತ್ರ, ಪತ್ರಿಕೆಗಳನ್ನೆಲ್ಲ ಜಾಲಾಡಿ ಟೊ ಕಲಾನ್ ಚರಿತ್ರೆಯನ್ನು ಕೂಡಿಸಿದವರು. ಆ ತೋಟದ ಕಥೆ ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆದರೆ ಅವರ ಬಾಟಲಿ ಮೇಲೆ ಆ ಹೆಸರಿಲ್ಲ. ಪಕ್ಕದ ಡೆಟರ್ಟ್ ಕುಟುಂಬದ ತೋಟದಲ್ಲಿ 1949ರಲ್ಲಿ ನೆಟ್ಟ ಕ್ಯಾಬರ್ನೆ ಫ್ರಾಂಕ್ ಎಂಬ ಇನ್ನೊಂದು ತಳಿಯ ಬಳ್ಳಿಗಳಿವೆ. ಟೊ ಕಲಾನ್ ಎಂದು ಬರೆಯುವ ಭಾಗ್ಯ ಆ ಬಳ್ಳಿಗಳ ವೈನ್‌ಗೂ ಇಲ್ಲ.

ಇನ್ನೊಂದು ಕಡೆ, ಹೆಸರಿನ ಒಡೆತನ ಕೈಬದಲಾಯಿಸುತ್ತಾ ಹೋಯಿತು. 2004ರಲ್ಲಿ ಬಿಯರ್, ವೈನ್, ಮದ್ಯ ಎಲ್ಲ ಮಾರುವ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ ಎಂಬ ದೊಡ್ಡ ಕಂಪನಿ ಮೊಂಡಾವಿಯನ್ನು ನೂರು ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ಕೊಂಡಿತು. ಟ್ರೇಡ್‌ಮಾರ್ಕ್ ಜೊತೆಯಲ್ಲೇ ಹೋಯಿತು. 2017ರಲ್ಲಿ ಅದೇ ಕಂಪನಿ ಶ್ರೇಡರ್ ಸೆಲ್ಲರ್ಸನ್ನೂ ಕೊಂಡಿತು. ಒಂದು ಕಾಲದಲ್ಲಿ ಕೋರ್ಟಿನಲ್ಲಿ ಎದುರುಬದುರು ನಿಂತವರು ಒಂದೇ ಮನೆಯವರಾದರು. ಆಮೇಲೆ ಟೊ ಕಲಾನ್ ವಿನ್ಯಾರ್ಡ್ ಕಂಪನಿ ಎಂಬ ಹೊಸ ಹೆಸರಲ್ಲೇ ವೈನ್ ತಂದಿತು. 2025ರಲ್ಲಿ ಕಾನ್‌ಸ್ಟೆಲೇಷನ್ ತನ್ನ ಅಗ್ಗದ ವೈನ್ ಬ್ರ್ಯಾಂಡುಗಳನ್ನು ಮಾರಿಬಿಟ್ಟಾಗಲೂ ಇವನ್ನು ಬಿಡಲಿಲ್ಲ. ಮೊಂಡಾವಿ ವೈನರಿ, ಶ್ರೇಡರ್, ಟೊ ಕಲಾನ್ ವಿನ್ಯಾರ್ಡ್ ಕಂಪನಿ ಮೂರನ್ನೂ ಇಟ್ಟುಕೊಂಡಿತು. ವೈನ್ ವ್ಯಾಪಾರ ಎಲ್ಲೆಡೆ ಕುಸಿಯುತ್ತಿರುವಾಗಲೂ ಈ ಹೆಸರು ಕೈಬಿಡುವಂಥದ್ದಲ್ಲ ಎಂದು ಅದಕ್ಕೆ ಗೊತ್ತು.

2019ರಲ್ಲಿ ದಿ ವಿನ್ಯಾರ್ಡ್ ಹೌಸ್ ಎಂಬ ನೆರೆಯ ವೈನರಿ ಮತ್ತೆ ಕೋರ್ಟ್ ಹತ್ತಿತು. ನಮ್ಮ ಜಮೀನೂ ಕ್ರ್ಯಾಬ್‌ನದ್ದೇ ಆಗಿತ್ತು, ಹಾಗಾಗಿ ನಾವೂ ಹೆಸರು ಬಳಸುತ್ತೇವೆ ಎಂಬುದು ಅದರ ವಾದ. 2021ರ ಜನವರಿಯಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ಕಾನ್‌ಸ್ಟೆಲೇಷನ್ ಪರ ತೀರ್ಪು ಕೊಟ್ಟರು. ಕ್ರ್ಯಾಬ್ ಆ ಜಮೀನಿನ ಒಡೆಯನಾಗಿದ್ದ ಎಂಬುದಷ್ಟೇ ಸಾಲದು ಅನ್ನುವುದು ತೀರ್ಪಿನ ತಿರುಳು. ಆ ಮೊಕದ್ದಮೆಯಲ್ಲಿ ಮುಂದಿಟ್ಟ ದಾಖಲೆಗಳ ಮಟ್ಟಿಗೆ ಇದು ಒಪ್ಪುವ ಮಾತೇ. ಕಷ್ಟ ಏನೆಂದರೆ, ಕೇಸ್ ಹಾಕಿದ್ದು ತೀರಾ ಅಂಚಿನ ಜಮೀನಿನವರು. ತೋಟದ ನಡುಮಧ್ಯೆ ಇರುವವರ ಪ್ರಶ್ನೆ ಅಲ್ಲಿ ಬರಲೇ ಇಲ್ಲ. ಆದರೆ ಟ್ರೇಡ್‌ಮಾರ್ಕ್ ಮಾತ್ರ ಮೊದಲಿಗಿಂತ ಗಟ್ಟಿಯಾಯಿತು.

ಈಗ ಕೊಳ್ಳುವವರ ಕಡೆಯಿಂದ ನೋಡೋಣ. ಅಮೆರಿಕದ ಲೇಬಲ್ ಕಾನೂನು ಇದು: ಕ್ಯಾಬರ್ನೆ ಅಂತ ಬರೆದರೆ ನೂರಕ್ಕೆ ಕನಿಷ್ಠ 75 ಪಾಲು ಆ ತಳಿಯೇ ಇರಬೇಕು. ಓಕ್‌ವಿಲ್ ಅಥವಾ ನಾಪಾ ಕಣಿವೆಯಂಥ ಮಾನ್ಯ ವೈನ್ ಪ್ರದೇಶದ ಹೆಸರು ಬರೆದರೆ 85 ಪಾಲು ಅಲ್ಲಿಯದಿರಬೇಕು. ಒಂದೇ ತೋಟದ ಹೆಸರು ಬರೆದರೆ 95 ಪಾಲು ಆ ತೋಟದ್ದೇ ಆಗಿರಬೇಕು. ಕೇಳಲು ಚೆನ್ನಾಗಿದೆ. ಆದರೆ ಓಕ್‌ವಿಲ್‌ಗೆ ಸರ್ಕಾರ ಗೆರೆ ಎಳೆದ ನಕ್ಷೆ ಇದೆ, ತೋಟಕ್ಕೆ ಇಲ್ಲ. ತೋಟದ ಚಕ್ಕುಬಂದಿ ಎಲ್ಲಿಂದ ಎಲ್ಲಿಗೆ ಎಂದು ಯಾವ ಕಚೇರಿಯೂ ಬರೆದಿಟ್ಟಿಲ್ಲ. ಹಾಗಾದರೆ 95 ಪಾಲು ಯಾವುದರದ್ದು? ಹೆಸರಿನ ಒಡೆಯರು ಯಾವುದನ್ನು ತೋಟ ಅನ್ನುತ್ತಾರೋ ಅದರದ್ದು. ನೂರಾರು ಡಾಲರ್ ಕೊಟ್ಟು, ಹತ್ತು ಹದಿನೈದು ವರ್ಷ 13 ಡಿಗ್ರಿ ತಂಪಿನಲ್ಲಿ ಜೋಪಾನ ಮಾಡಿ ಇಡುವವರಿಗೆ ಸಿಗುವ ಭರವಸೆ ಇಷ್ಟೇ.

ತೋಟದ ಹೆಸರಿಗೆ ಖಚಿತ ದಾಖಲೆ ಇದ್ದರೆ ಏನು ಉಪಯೋಗ ಅನ್ನುವುದಕ್ಕೆ ಒಂದು ಘಟನೆ ಸಾಕು. ರೂಡಿ ಕುರ್ನಿಯವಾನ್ ಎಂಬ ಸಂಗ್ರಾಹಕ ಹಳೆ ವೈನ್ ಎಂದು ನಕಲಿ ಬಾಟಲಿಗಳನ್ನು ಕೋಟಿಗಟ್ಟಲೆ ಡಾಲರಿಗೆ ಮಾರಿದವನು. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಫ್ರಾನ್ಸಿನ ಬರ್ಗಂಡಿ ಪ್ರದೇಶದ ಪೊನ್ಸೊ ಮನೆತನದ್ದು ಎಂದು ಕ್ಲೊ ಸೇಂಟ್ ಡೆನಿ ಎಂಬ ತೋಟದ ವೈನ್‌ಗಳನ್ನು ಕಳಿಸಿದ. ಅವುಗಳ ಮೇಲೆ 1945ರಿಂದ 1971ರವರೆಗಿನ ವರ್ಷಗಳಿದ್ದವು. ಮನೆತನದ ಲೊರಾನ್ ಪೊನ್ಸೊ ಅದನ್ನು ನೋಡಿ ದಂಗಾದರು. ಅವರು ಆ ತೋಟದ ವೈನ್ ಮಾಡಲು ಶುರುಮಾಡಿದ್ದೇ 1980ರ ದಶಕದಲ್ಲಿ! ಸ್ವತಃ ಹರಾಜಿಗೆ ಹೋಗಿ ಆ ಬಾಟಲಿಗಳನ್ನು ವಾಪಸ್ ತೆಗೆಸಿದರು. ಕುರ್ನಿಯವಾನ್‌ಗೆ 2014ರಲ್ಲಿ 10 ವರ್ಷ ಜೈಲಾಯಿತು. ಲೇಬಲ್, ಮೇಣ, ಕಾರ್ಕ್ ಎಲ್ಲ ಪಕ್ಕಾ ಮಾಡಿದವನು ಜಾರಿಬಿದ್ದದ್ದು ಯಾವ ತೋಟ, ಯಾರ ಕೈ, ಯಾವಾಗಿನಿಂದ ಎಂಬಲ್ಲಿ.

ಬರ್ಗಂಡಿಯ ಕ್ರಮವೇ ಬೇರೆ. ಅಲ್ಲಿ ಕ್ಲೊ ದ ವೂಜೊ ಎಂಬ ತೋಟ ಸುಮಾರು 50 ಹೆಕ್ಟೇರ್, ಗೋಡೆ ಕಟ್ಟಿದ ಒಂದೇ ಆವರಣ. ಒಡೆಯರು ಎಂಬತ್ತರ ಹತ್ತಿರ. ನಾಲ್ಕು ಸಾಲು ಬಳ್ಳಿ ಇದ್ದವನೂ ತನ್ನ ಬಾಟಲಿ ಮೇಲೆ ಆ ಹೆಸರು ಹಾಕಬಹುದು, ಜೊತೆಗೆ ತನ್ನ ಹೆಸರು. ಎಂಬತ್ತು ಜನರ ವೈನೂ ಒಂದೇ ಮಟ್ಟದ್ದಲ್ಲ, ಸಾಧಾರಣವಾದದ್ದೂ ಆ ಹೆಸರಿನ ಬೆಲೆಗೇ ಮಾರುತ್ತದೆ. ನಾಪಾದ ದೊಡ್ಡ ವೈನರಿಗಳು ಎತ್ತುವ ಆಕ್ಷೇಪ ಇದೇ. ನಾವು ಬೆಳೆಸಿದ ಹೆಸರನ್ನು ಬೇರೆಯವರು ಕೆಡಿಸಬಾರದು ಅನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಕೆಟ್ಟ ವೈನ್ ಮಾಡಿದವನ ಹೆಸರೂ ಲೇಬಲ್ ಮೇಲೇ ಇರುತ್ತದಲ್ಲ? ಕೊಳ್ಳುವವರು ಎರಡು ವರ್ಷದಲ್ಲಿ ಕಲಿಯುತ್ತಾರೆ. ತೋಟದ ಹೆಸರನ್ನೇ ಬಚ್ಚಿಟ್ಟರೆ ಕಲಿಯುವ ದಾರಿಯೇ ಇಲ್ಲ.

ನಾಪಾದ ಎಲ್ಲ ಜಗಳವೂ ಹೀಗೇ ಮುಗಿದಿಲ್ಲ. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ಫ್ರಾನ್ಸಿನ ಘಟಾನುಘಟಿ ಕೆಂಪು ವೈನ್‌ಗಳನ್ನು ಹಿಂದಿಕ್ಕಿದ್ದು ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ. ಅದರ ಪಕ್ಕದಲ್ಲೇ ಸ್ಟ್ಯಾಗ್ಸ್ ಲೀಪ್ ವೈನರಿ ಎಂಬ ಇನ್ನೊಂದು ಇತ್ತು. ಮೊದಲನೆಯದರ ಒಡೆಯ ವಾರೆನ್ ವಿನಿಯಾರ್ಸ್ಕಿ ಮತ್ತು ಎರಡನೆಯದರ ಒಡೆಯ ಕಾರ್ಲ್ ಡೌಮಾನಿ ಹೆಸರಿಗಾಗಿ ವರ್ಷಗಟ್ಟಲೆ ಕಿತ್ತಾಡಿದರು. ಕೊನೆಗೆ ಇಬ್ಬರೂ ಹೆಸರು ಉಳಿಸಿಕೊಂಡರು. ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಸಣ್ಣ ಚಿಹ್ನೆ ಎಲ್ಲಿ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ. ರಾಜಿಯ ನೆನಪಿಗೆ ಇಬ್ಬರೂ ಸೇರಿ 1985ರ ಹಣ್ಣಿನಿಂದ ಒಂದು ವೈನನ್ನೂ ಮಾಡಿದರು. 1989ರಲ್ಲಿ ಇಡೀ ಪ್ರದೇಶಕ್ಕೇ ಸ್ಟ್ಯಾಗ್ಸ್ ಲೀಪ್ ಡಿಸ್ಟ್ರಿಕ್ಟ್ ಎಂಬ ಅಧಿಕೃತ ಮಾನ್ಯತೆ ಬಂತು. ಈಗ ಅಲ್ಲಿ ಬೆಳೆಯುವ ಯಾರು ಬೇಕಾದರೂ ಆ ಹೆಸರು ಬಳಸಬಹುದು.

ನಮ್ಮ ನಂದಿ ಬೆಟ್ಟದ ಸುತ್ತಲೂ ಈಗ ಕ್ಯಾಬರ್ನೆ ಬೆಳೆಯುತ್ತಾರೆ, ಹಂಪಿ ಹತ್ತಿರದ ಬೆಟ್ಟಗಳಲ್ಲೂ ಬೆಳೆಯುತ್ತಾರೆ. ಅದಕ್ಕೂ ಮೊದಲಿನಿಂದ ಇರುವುದು ಬೆಂಗಳೂರು ನೀಲಿ ದ್ರಾಕ್ಷಿ. ಅದಕ್ಕೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಒಂದು ಪ್ರದೇಶದ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು, ಬಂತು. ನಮ್ಮ 1999ರ ಜಿಐ ಕಾನೂನಿನ ಒಂದು ಅಂಶವನ್ನು ಇಲ್ಲಿ ಹೇಳಲೇಬೇಕು. ಆ ಹೆಸರನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ. ಆ ಪ್ರದೇಶದ ಬೆಳೆಗಾರ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡು ಬಳಸಬಹುದು. ಜಾರಿ ಸಡಿಲ, ಎಷ್ಟೋ ರೈತರಿಗೆ ವಿಷಯವೇ ಗೊತ್ತಿಲ್ಲ, ಅದೆಲ್ಲ ನಿಜ. ಆದರೆ ಕಾನೂನಿನ ಬುನಾದಿ ಸರಿಯಾಗಿದೆ. ನಂದಿ ಹೆಸರಿನ ಕ್ಯಾಬರ್ನೆಗೆ ನಾಳೆ ದೊಡ್ಡ ಬೆಲೆ ಬಂದರೆ, ಅದು ಟ್ರೇಡ್‌ಮಾರ್ಕ್ ಕಡೆಗೆ ಹೋಗುತ್ತದೋ ಜಿಐ ಕಡೆಗೆ ಹೋಗುತ್ತದೋ ಅನ್ನುವುದು ಈಗಲೇ ಯೋಚಿಸಬೇಕಾದ ಮಾತು.

ಟೊ ಕಲಾನ್‌ಗೆ ದಾರಿ ಇಲ್ಲವೇ? ಅಮೆರಿಕದಲ್ಲಿ ಯಾರು ಬೇಕಾದರೂ ಒಂದು ಜಾಗವನ್ನು ವೈನ್ ಪ್ರದೇಶವಾಗಿ ಮಾನ್ಯ ಮಾಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಬಹುದು. ಹೆಸರು ಬಳಕೆಯಲ್ಲಿದ್ದದ್ದಕ್ಕೆ ದಾಖಲೆ, ಸ್ಪಷ್ಟ ಗಡಿ, ಮಣ್ಣು ಹವಾಮಾನದ ವಿವರ ಬೇಕು. ಜಾಗ ಸಣ್ಣದಾದರೂ ಅಡ್ಡಿಯಿಲ್ಲ. ಮೆಂಡೊಸಿನೊ ಕೌಂಟಿಯ ಕೋಲ್ ರಾಂಚ್‌ಗೆ 1983ರಲ್ಲೇ ಮಾನ್ಯತೆ ಸಿಕ್ಕಿದೆ, ಅದು 200 ಎಕರೆಯೂ ಇಲ್ಲ. ಆಗಲೇ ಬಳಕೆಯಲ್ಲಿರುವ ಬ್ರ್ಯಾಂಡ್ ಅಡ್ಡ ಬಂದರೆ? ಅದಕ್ಕೂ ಮಾದರಿ ಇದೆ. ನಾಪಾದ ಉತ್ತರ ತುದಿಯ ಕ್ಯಾಲಿಸ್ಟೋಗಾ ಊರಿನ ಹೆಸರಿಗೆ ಮಾನ್ಯತೆ ಕೇಳಿದಾಗ, ಅದೇ ಹೆಸರಿನ ಬ್ರ್ಯಾಂಡುಗಳು ವಿರೋಧಿಸಿದವು. 2009ರ ಕೊನೆಗೆ ಸರ್ಕಾರ ಊರಿನ ಪರ ನಿಂತಿತು. ಹಳೆ ಬ್ರ್ಯಾಂಡುಗಳು ಮೂರು ವರ್ಷದೊಳಗೆ ನಿಯಮಕ್ಕೆ ಹೊಂದಿಕೊಳ್ಳಬೇಕು ಎಂದಿತು. ಅದಕ್ಕೂ ಮೊದಲು, 2004ರಲ್ಲಿ, ಬ್ರ್ಯಾಂಡಿನಲ್ಲಿ ನಾಪಾ ಹೆಸರಿದ್ದರೆ ಹಣ್ಣೂ ನಾಪಾದ್ದೇ ಇರಬೇಕು ಎಂಬ ರಾಜ್ಯದ ಕಾನೂನನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಬ್ರಾಂಕೊ ಎಂಬ ದೊಡ್ಡ ವೈನ್ ಕಂಪನಿ ಅದರ ವಿರುದ್ಧ ಕೊನೆಯವರೆಗೂ ಹೋರಾಡಿ ಸೋತಿತು.

ಟೊ ಕಲಾನ್ ವಿಷಯದಲ್ಲಿ ನೋಂದಾಯಿತ ಟ್ರೇಡ್‌ಮಾರ್ಕ್ ಮತ್ತು ಅದಕ್ಕೆ ಬೆಂಬಲವಾಗಿ ಬಂದ ತೀರ್ಪು ಎರಡೂ ಎದುರಿಗಿವೆ. ಹಾಗಾಗಿ ಅರ್ಜಿ ಹಾಕುವವರಿಗೆ ದುಡ್ಡು, ವಕೀಲರು, ತಾಳ್ಮೆ ಎಲ್ಲ ಬೇಕಾಗುತ್ತದೆ. ಸಣ್ಣ ಕುಟುಂಬಗಳಿಂದ ಒಂಟಿಯಾಗಿ ಆಗುವ ಕೆಲಸ ಅಲ್ಲ. ಬೆಕ್‌ಸ್ಟಾಫರ್ ತನ್ನ 89 ಎಕರೆ ಎಂದೆಂದಿಗೂ ತೋಟವಾಗಿಯೇ ಉಳಿಯಬೇಕು ಎಂದು ನಾಪಾದ ಭೂ ಟ್ರಸ್ಟ್‌ಗೆ ಬರೆದುಕೊಟ್ಟಿದ್ದಾನೆ. ಅಲ್ಲಿ ಬಂಗಲೆ, ಹೋಟೆಲು ಏಳುವುದಿಲ್ಲ. ಅದೇ ಬೆಕ್‌ಸ್ಟಾಫರ್ ಮತ್ತು ಕಾನ್‌ಸ್ಟೆಲೇಷನ್ ಒಟ್ಟಿಗೆ ಕೂತು, ನೆರೆಯ ಕುಟುಂಬಗಳನ್ನೂ ವಿಶ್ವವಿದ್ಯಾಲಯವನ್ನೂ ಸೇರಿಸಿಕೊಂಡು ಒಂದು ನಕ್ಷೆಗೆ ಸಹಿ ಹಾಕಿದರೆ ಯಾವ ಕೋರ್ಟೂ ಬೇಕಿಲ್ಲ. ದಾಖಲೆಗಳೆಲ್ಲ ಆಗಲೇ ಹುಡುಕಿ ತೆಗೆದಾಗಿದೆ.